ಬಿಸಿ ಎಷ್ಟು

ಶಾರ್ಜಾ, ರೋಲಾ. ಮೂರನೇ ಮಹಡಿಯ ಬಾಗಿಲು ತೆರೆದವನಿಗೆ
ಹದಿನೇಳಿರಬಹುದು. ಹೆಸರು ಮುಅತಸಿಮ್, ಊರು ಸುಡಾನ್.
ಹಜಾರದ ತುಂಬ ಕಟ್ಟಿದ ಪೆಟ್ಟಿಗೆ;
ಶುಕ್ರವಾರದ ಕೈರೋ ವಿಮಾನಕ್ಕೆ
ಇಡೀ ಮನೆ ತೂಕವಾಗಿ ಕೂತಿದೆ.
ತೂಕಕ್ಕೆ ಸಿಗದ್ದೆಲ್ಲ ಮಾರಾಟಕ್ಕೆ:
ಇಸ್ತ್ರಿ ಮೇಜು, ಹಕ್ಕಿಯಿಲ್ಲದ ಪಂಜರ,
ಮತ್ತು ಸೋಫಾದಲ್ಲಿ, ಮಡಚಿದ ಟವೆಲಿನ ಮೇಲೆ,
ಒಂದು ಮದರ್‌ಬೋರ್ಡ್; ಪಕ್ಕದ ಪ್ಲಾಸ್ಟಿಕ್ ಚಿಪ್ಪಿನಲ್ಲಿ
ಪ್ರೊಸೆಸರ್. ಎರಡೂ ಸೇರಿ ಮುನ್ನೂರೈವತ್ತು ದಿರ್ಹಮ್.

"ಆರು ಕೋರು ಅಂಕಲ್. ಹನ್ನೆರಡು ಥ್ರೆಡ್ಡು."
ಹನ್ನೆರಡು ವರ್ಷ ಗಲ್ಫಿನಲ್ಲಿ ಕಳೆದವನಿಗೆ
ಯಾರು ಲೆಕ್ಕ ಹೇಳಿದರೂ ಮುಟ್ಟಿ ನೋಡುವ ಚಟ.
ಮೊಬೈಲಿನ ಟಾರ್ಚ್ ಹಿಡಿದು ಪಿನ್ನು ಎಣಿಸತೊಡಗಿದೆ,
ಸಾಲು ಸಾಲು ಬಂಗಾರದ ಕೂಳೆ.
ನಲವತ್ತಮೂರಕ್ಕೆ ತಪ್ಪಿತು. ಮೊದಲಿಂದ. ಮತ್ತೆ ತಪ್ಪಿತು.
ಒಂದೂ ಬಗ್ಗಿಲ್ಲ ಎಂದು ಅವನೇ ಹೇಳಿದ, ನಂಬಿದೆ.

ನನ್ನದು ಹಳೆಯ ನಾಲ್ಕು ಕೋರಿನದು.
ನಡುರಾತ್ರಿ, ಲ್ಯಾನ್ಸಿ ಗೊರಕೆಗೆ ಬಿದ್ದ ಮೇಲೆ,
ಹೆಡ್‌ಫೋನ್ ಸಿಕ್ಕಿಸಿ ಕುದುರೆ ಹತ್ತುತ್ತೇನೆ.
ಬಯಲಲ್ಲಿ ಓಡುತ್ತದೆ, ಬೆಟ್ಟದಲ್ಲಿ ಓಡುತ್ತದೆ,
ಸಂತೆಗೆ ಕಾಲಿಟ್ಟರೆ ಮಾತ್ರ
ಕುಂಬಾರ, ಕಟುಕ, ಕೋಳಿ, ಭಿಕ್ಷುಕ ಎಲ್ಲ ಒಮ್ಮೆಲೇ ನಿಂತು
ಮತ್ತೆ ಒಮ್ಮೆಲೇ ಮೈಮೇಲೆ ಬೀಳುತ್ತಾರೆ.

ಲ್ಯಾನ್ಸಿಯ ವಾದ ಬೇರೆ:
"ಕಾರ್ಡು ಅದೇ, ಪರದೆ ಅದೇ ಅರುವತ್ತು ಹರ್ಟ್ಜಿನದು.
ಗಂಟಲು ಸಪೂರ ಇರುವ ಹೂಜಿಗೆ
ಎಷ್ಟು ದೊಡ್ಡ ಹೊಟ್ಟೆ ಕಟ್ಟಿಸಿದರೆ ಎಂತ ಮಾರಾಯ?
ಮೇಲಿಂದ ರ‍್ಯಾಮು ಹೊಸತು ಬೇಕು, ಹಳೆಯದು ಕೂರುವುದಿಲ್ಲ.
ಮುನ್ನೂರೈವತ್ತು ಅಂದದ್ದು ನಾನೂರೈವತ್ತಾಗ್ತದೆ, ನೋಡ್ತಿರು."
ಅವನಿಗೆ ಕಂಪ್ಯೂಟರ್ ಅಷ್ಟು ಗೊತ್ತಿಲ್ಲ. ನನ್ನ ಸಂಬಳ ಗೊತ್ತು.

ಹಾಗಾಗಿ ಲೆಕ್ಕ ತಂದಿದ್ದೆ, ಕರೆಂಟು ಬಿಲ್ಲಿನ ಬೆನ್ನಿಗೆ ಬರೆದು:
ಬಯಲಲ್ಲಿ ಕಾರ್ಡು ತೊಂಬತ್ತೊಂಬತ್ತು, ಪ್ರೊಸೆಸರ್ ನಲವತ್ತು.
ಸಂತೆಯಲ್ಲಿ ಪ್ರೊಸೆಸರ್ ನೂರಕ್ಕೆ ನೂರು, ಕಾರ್ಡು ಅರೆನಿದ್ದೆ.
ಹುಡುಗ ಚೀಟಿ ನೋಡಿದ. ತಿರುಗಿಸಿ ಬಿಲ್ಲನ್ನೂ ನೋಡಿದ.
"ಬಿಸಿ ಎಷ್ಟು ಅಂಕಲ್?"

ಬಿಸಿ.
ಕಿಸೆಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡೇ ನಿಂತಿದ್ದೆ,
ಕಂಪನಿಯ ಹೆಸರು ಹೊಲಿದ ನೀಲಿ ಅಂಗಿಯಲ್ಲಿ.
ದಿನಕ್ಕೆ ಆರು ಮನೆ, ಏಣಿ ಹಾಕಿ, ಸೀಲಿಂಗಿನೊಳಗೆ ತಲೆ ತೂರಿಸಿ
ಎಸಿ ಡಕ್ಟಿನಿಂದ ಮರುಭೂಮಿಯನ್ನು ಮೊಗೆದು ಹಾಕುವವ;
ಹೊರಡುವಾಗ ಬುದ್ಧಿ ಬೇರೆ ಹೇಳುವವ:
"ಮೇಡಂ, ಮಿಷಿನು ಕೆಟ್ಟಿಲ್ಲ. ಉಸಿರು ಕಟ್ಟಿದೆ ಅಷ್ಟೆ."

ನೋಡಿಲ್ಲ, ಎಂದೆ.
ಅವನು ನಗಲಿಲ್ಲ. ಅದೇ ಹೆಚ್ಚು ತಾಗಿತು.
"ನೋಡಿ ಬನ್ನಿ. ಗುರುವಾರದವರೆಗೆ ಇಡುತ್ತೇನೆ."
"ಫ್ಯಾನ್ ಮಾತ್ರ ಕೊಡ್ತೀಯಾ?"
"ನಿಮ್ಮ ಬೋರ್ಡಿಗೆ ಕೂರುವುದಿಲ್ಲ."

ಸಂತೆಯಲ್ಲಿ ತೊಂಬತ್ತೆಂಟು ಡಿಗ್ರಿ.
ಆರಿಸಿ ಸ್ಕ್ರೂ ಬಿಚ್ಚಿದೆ. ಕೂಲರಿನ ರೆಕ್ಕೆಗಳ ನಡುವೆ
ಧೂಳು ಕಂಬಳಿ ನೇಯ್ದಿತ್ತು,
ಆರು ಬೇಸಿಗೆಯ ಬೂದಿ ನೂಲು;
ಪೇಸ್ಟು ಒಣಗಿ ಹಳೆ ಗೋಡೆಯ ಸುಣ್ಣ.
ಡಕ್ಟಿನ ಬ್ರಷ್ಷು, ಲ್ಯಾನ್ಸಿಯ ಹರಿದ ಬನಿಯನ್ನು,
ಹತ್ತು ದಿರ್ಹಮಿನ ಹೊಸ ಪೇಸ್ಟು, ಕಾಳುಮೆಣಸಿನಷ್ಟು.
ಎಪ್ಪತ್ತೊಂದು.
ಇಪ್ಪತ್ತಾರು ಇದ್ದ ಫ್ರೇಮು ಮೂವತ್ತೊಂಬತ್ತು.

ಸಾಕೇ?
ಸಾಲದು. ಕೋಳಿಗಳು ಈಗಲೂ ಒಮ್ಮೊಮ್ಮೆ
ಗಾಳಿಯಲ್ಲೇ ನಿಂತು ಯೋಚಿಸುತ್ತವೆ.
ಆಗ ಕುದುರೆಯಿಂದ ಇಳಿದು ನಡೆಯುತ್ತೇನೆ;
ಅಲ್ಲದಿದ್ದರೂ ಸಂತೆಯಲ್ಲಿ ಯಾರು ಕುದುರೆ ಓಡಿಸುತ್ತಾರೆ.

ಗುರುವಾರ ಸಂಜೆ ನಾನಾಗಿ ಫೋನ್ ಮಾಡಿದೆ,
ಬೇಡ ಎನ್ನಲಿಕ್ಕೋ ಬೇಕು ಎನ್ನಲಿಕ್ಕೋ
ರಿಂಗಾಗುವವರೆಗೂ ಗೊತ್ತಿರಲಿಲ್ಲ.
ಮಾರಿಹೋಯಿತಂತೆ. ಕ್ಷಮಿಸಿ ಅಂಕಲ್, ಅಪ್ಪ ಕೊಟ್ಟುಬಿಟ್ಟರು,
ಅಜ್ಮಾನಿನ ಯಾರಿಗೋ, ಮುನ್ನೂರಿಪ್ಪತ್ತಕ್ಕೆ.
ಹಿಂದೆ ಪೆಟ್ಟಿಗೆಗೆ ಟೇಪು ಎಳೆಯುವ ಸದ್ದು.
"ಎಪ್ಪತ್ತೊಂದು" ಎಂದೆ.
"ಒಳ್ಳೆಯದು" ಎಂದ.
ಆಮೇಲೆ ಇಬ್ಬರಿಗೂ ಮಾತಿರಲಿಲ್ಲ.
ಪಿನ್ನು ಎಣಿಸಿ ತಗೊಂಡನಾ ಅವನು, ಎಂದು ಕೇಳಿದೆ.